ನೆಲವೂ ಡೊಂಕೇ ಇತ್ತು: 900 ರೂಪಾಯಿ ಹತ್ತರಿಯ ಪ್ರಕರಣ

ಮರ ಹೆರೆದು ನಯ ಮಾಡುವ ಹತ್ತರಿ ತಳ್ಳಿದೆ, ಹೋಗಲಿಲ್ಲ. ಮೈಭಾರ ಹಾಕಿ ಇನ್ನೊಮ್ಮೆ ತಳ್ಳಿದೆ. ಕಟಕಟ ಅಂತ ಕುಪ್ಪಳಿಸಿ, ಹಲಸಿನ ಹಲಗೆಯ ನಡುವೆ ಉಗುರಿನಷ್ಟು ಅಗಲದ ಸಿಬಿರು ಕಿತ್ತುಕೊಂಡು ನಿಂತಿತು. ಅಲಗು ಹೊರಚಾಚುವ ಹತ್ತರಿಯ ಬಾಯಿಯೊಳಗೆ ಮರದ ಪುಡಿ ಗಿಡಿದುಕೊಂಡಿತ್ತು. ಅಂಗಡಿಯಿಂದ ತಂದು ಒಂದು ಗಂಟೆಯೂ ಆಗಿರಲಿಲ್ಲ.

ಗೇಟಿನ ಹತ್ತಿರ ನಿಂತು ನೋಡುತ್ತಿದ್ದ ಆಚಾರ್ರಿಗೆ "ಈ ಹತ್ತರಿ ಸರಿಯಿಲ್ಲ" ಅಂದೆ. ಅವರು ಪಕ್ಕದ ಬೀದಿಯವರು, ನಲವತ್ತು ವರ್ಷದಿಂದ ಮರಗೆಲಸದಲ್ಲೇ ಇದ್ದಾರೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂತ ನಕ್ಕರು. ನನಗೆ ಅವಮಾನವಾಯಿತು. ಆಮೇಲೆ ಅವರೇ ಒಳಗೆ ಬಂದು, ಹತ್ತರಿಯನ್ನು ಮಗುಚಿ, ಒಂದು ಕಣ್ಣು ಮುಚ್ಚಿ, ಅದರ ಅಡಿಯನ್ನು ಬೆಳಕಿಗೆ ಹಿಡಿದು ಉದ್ದಕ್ಕೆ ನೋಡಿದರು. "ಇಲ್ಲ ಕಣ್ರೀ, ನೆಲವೂ ಡೊಂಕೇ ಇದೆ" ಅಂದರು.

ಎರಡು ವರ್ಷದ ಹಿಂದಿನ ಮಾತು ಇದು. ಅಗ್ಗದ ಸಾಮಾನು ಕೊಂಡು, ಅದನ್ನು ಬೈದು, ಕೊನೆಗೆ ಅದರಿಂದಲೇ ಮಗಳಿಗೆ ಓದುವ ಮೇಜು ಮಾಡಿದ ವಿವರವನ್ನು ಇಲ್ಲಿ ಬರೆಯುತ್ತಿದ್ದೇನೆ. ಎಲ್ಲಿ ಎಷ್ಟು ಹೊತ್ತು ಹೋಯಿತು, ಏನು ಹಾಳು ಮಾಡಿದೆ, ಯಾವುದು ಎಷ್ಟು ತಿಣುಕಿದರೂ ಸರಿಹೋಗಲಿಲ್ಲ ಅನ್ನುವುದೂ ಇದರಲ್ಲಿದೆ.

ಕಾರಿಲ್ಲದ ಪೋರ್ಚು, ಮೂರು ಹಲಗೆ

ನಮ್ಮದು ಮೈಸೂರಿನಲ್ಲಿ ಬಾಡಿಗೆ ಮನೆ. ಪೋರ್ಚು ಇದೆ, ಕಾರಿಲ್ಲ. 8 ಅಡಿಗೆ 10 ಅಡಿಯ ಆ ಜಾಗವೇ ನನ್ನ ಕಾರ್ಖಾನೆ. ಊರಿನಲ್ಲಿ ಅಜ್ಜಿ ಮನೆಯ ಅಟ್ಟ ಇಳಿಸಿದಾಗ ಮೂರು ಹಲಸಿನ ಹಲಗೆ ಸಿಕ್ಕಿದವು. ತಲಾ 4 ಅಡಿ ಉದ್ದ, 8 ಅಂಗುಲ ಅಗಲ, ಒಂದೂಕಾಲು ಅಂಗುಲ ದಪ್ಪ. ಒಲೆಯ ಹೊಗೆ ಕುಡಿದು ಕಪ್ಪಾಗಿದ್ದವು. ಮೂಲೆಯಲ್ಲಿ ಸ್ವಲ್ಪ ಕೆರೆದು ನೋಡಿದರೆ ಒಳಗೆ ಜೇನಿನ ಬಣ್ಣ. ಹಲಸಿನ ಮರ ಕೊಯ್ದ ಹೊಸದರಲ್ಲಿ ಅರಿಶಿನದ ಹಾಗಿರುತ್ತದೆ, ಬೆಳಕು ಬಿದ್ದ ಹಾಗೆ ಕಂದು ತಿರುಗುತ್ತದೆ. ವೀಣೆ ಮಾಡುವುದೂ ಇದರಲ್ಲೇ. ಅಂಥ ಮರವನ್ನು ಸೌದೆಗೆ ಹಾಕಲು ಮನಸ್ಸು ಬರಲಿಲ್ಲ.

ಆದರೆ ಹಲಸಿಗೆ ಒಂದು ಗುಣವಿದೆ. ಅದರ ಎಳೆ ಒಂದೇ ದಿಕ್ಕಿಗೆ ಮಲಗಿರುವುದಿಲ್ಲ. ಒಂದು ಪಟ್ಟಿ ಹೀಗೆ, ಪಕ್ಕದ ಪಟ್ಟಿ ಹಾಗೆ, ಜಡೆ ಹೆಣೆದ ಹಾಗೆ ಇರುತ್ತದೆ. ಬೆಕ್ಕಿನ ಮೈ ಸವರಿದಂತೆ ಒಂದು ಕಡೆಯಿಂದ ಸವರಿದರೆ ಅರ್ಧ ನಯ, ಅರ್ಧ ಒರಟು. ತಿರುಗಿಸಿ ಸವರಿದರೂ ಅದೇ ಕಥೆ. ಹೊಸಬನ ಕೈಗೆ, ಹೊಸ ಹತ್ತರಿಗೆ, ಇದಕ್ಕಿಂತ ಕೆಟ್ಟ ಪರೀಕ್ಷೆ ಇಲ್ಲ.

ಕೊಂಡ ಸಾಮಾನು ಇಷ್ಟು: 4 ನಂಬರಿನ ಕಬ್ಬಿಣದ ಹತ್ತರಿ 900 ರೂಪಾಯಿ, ನಾಲ್ಕು ಉಳಿಗಳ ಸೆಟ್ಟು 480, ಗರಗಸ 320, ಮೂಲೆ 90 ಡಿಗ್ರಿ ಇದೆಯೇ ಅಂತ ನೋಡುವ ಮೂಲೆಮಟ್ಟ 160. ಇವನ್ನು ಸರಿಮಾಡಲು ಆಮೇಲೆ ಕೊಂಡದ್ದು: ಅಲಗನ್ನು ಕೋನದಲ್ಲಿ ಹಿಡಿಯುವ ಚಿಕ್ಕ ಗಾಲಿಯ ಗೈಡು 350, ಸಾಣೆಕಲ್ಲು 250, ದಪ್ಪ ಗಾಜಿನ ತುಂಡು 100, ಉಪ್ಪುಕಾಗದಕ್ಕೆ ಸುಮಾರು 600. ಒಟ್ಟು 3,160. ಡ್ರಿಲ್ಲು ಮನೆಯಲ್ಲಿ ಮೊದಲೇ ಇತ್ತು. ಹೊರದೇಶದ ಹೆಸರಾಂತ ಕಂಪನಿಯ ಇದೇ ಅಳತೆಯ ಹತ್ತರಿ ಒಂದಕ್ಕೇ ಹತ್ತಾರು ಸಾವಿರ ಆಗುತ್ತದೆ. ಅದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ತಮಾಷೆ ಅಂದರೆ ಆ ದುಬಾರಿ ಹತ್ತರಿ ಮತ್ತು ನನ್ನ 900ರ ಹತ್ತರಿ, ಎರಡರ ನಕ್ಷೆಯೂ ಒಂದೇ. ಅಮೆರಿಕದ ಲಿಯೊನಾರ್ಡ್ ಬೈಲಿ ಅನ್ನುವವನು 19ನೇ ಶತಮಾನದಲ್ಲಿ ರೂಪಿಸಿದ್ದು ಇದು. 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಅವನ ಹಕ್ಕುಗಳನ್ನು ಕೊಂಡುಕೊಂಡಿತು. ಆ ಪೇಟೆಂಟುಗಳ ಕಾಲ ಮುಗಿದು ಯಾವುದೋ ಕಾಲವಾಯಿತು. ಈಗ ಲೋಕವೆಲ್ಲ ಅದನ್ನೇ ಎರಕ ಹೊಯ್ಯುತ್ತದೆ. ಅಲಗು ಕೂರುವುದು ಅದೇ 45 ಡಿಗ್ರಿಯಲ್ಲಿ, ಹಿಂದೆ ಅದೇ ಹಿತ್ತಾಳೆ ತಿರುಪು. ಹಾಗಾದರೆ ಅಗ್ಗ ಮಾಡಿದ್ದು ಎಲ್ಲಿ? ಕೊನೆಯ ಕೆಲವು ಗಂಟೆಗಳ ಕೆಲಸದಲ್ಲಿ. ಅಡಿ ಸಮ ಮಾಡುವುದು, ಅಲಗು ಕೂರುವ ಜಾಗ ಉಜ್ಜುವುದು, ಅಲಗು ಮಸೆಯುವುದು, ಇದನ್ನೆಲ್ಲ ಕಾರ್ಖಾನೆಯಲ್ಲಿ ಮಾಡದೇ ಬಿಟ್ಟು ಡಬ್ಬಿಗೆ ಹಾಕಿರುತ್ತಾರೆ. ನಾನು ಕೊಂಡದ್ದು ಹತ್ತರಿಯಲ್ಲ, ಮುಕ್ಕಾಲು ಹತ್ತರಿ. ಉಳಿದ ಕಾಲುಭಾಗ ನನ್ನ ಸಂಜೆಗಳಲ್ಲಿ ಆಗಬೇಕಿತ್ತು.

ಅಡಿ

ಮೊದಲು ಹತ್ತರಿಗೆ ಬಳಿದಿದ್ದ ಹಳದಿ ಗ್ರೀಸನ್ನೆಲ್ಲ ಟರ್ಪೆಂಟೈನಿನಲ್ಲಿ ತೊಳೆದೆ. ಗಾಜಿನಂಗಡಿಯಲ್ಲಿ 10 ಮಿ.ಮೀ. ದಪ್ಪದ ಗಾಜಿನ ತುಂಡು ಸಿಕ್ಕಿತ್ತು. ಮನೆಯೊಳಗೆ ಇಷ್ಟು ಸಮತಟ್ಟಾದ ವಸ್ತು ಬೇರೆ ಇಲ್ಲ. ಗ್ರಾನೈಟ್ ಕಟ್ಟೆಯೂ ಆಗುತ್ತದೆ, ಆದರೆ ಅಡುಗೆಮನೆಯ ಒಡತಿ ಒಪ್ಪಬೇಕಲ್ಲ. ಹತ್ತರಿಯನ್ನು ಗಾಜಿನ ಮೇಲಿಟ್ಟು, ಸ್ಪಾರ್ಕ್ ಪ್ಲಗ್ ಸಂದು ನೋಡುವ ಫೀಲರ್ ಗೇಜಿನ ತೆಳು ಉಕ್ಕಿನ ಎಲೆಗಳನ್ನು ಅಡಿಗೆ ತೂರಿಸಿದೆ. ಬಾಯಿಯ ಹತ್ತಿರ 0.2 ಮಿ.ಮೀ.ನ ಎಲೆ ಸಲೀಸಾಗಿ ಹೋಯಿತು. ಅಂದರೆ ಹತ್ತರಿ ಮೂತಿ ಮತ್ತು ಬಾಲದ ಮೇಲೆ ನಿಂತಿತ್ತು, ಹೊಟ್ಟೆ ಮೇಲೆದ್ದಿತ್ತು. ಅಲಗು ಮರ ಮುಟ್ಟಲಿ ಅಂತ ಕೆಳಗಿಳಿಸಿದರೆ ಒಮ್ಮೆಲೇ ಜಾಸ್ತಿ ಕಚ್ಚುತ್ತಿತ್ತು. ಕುಪ್ಪಳಿಸುವುದಕ್ಕೆ ಒಂದು ಕಾರಣ ಸಿಕ್ಕಿತು.

ಗಾಜಿಗೆ 80 ನಂಬರಿನ ಉಪ್ಪುಕಾಗದ ಅಂಟಿಸಿ, ಅಡಿಯ ಮೇಲೆ ಮಾರ್ಕರಿನಲ್ಲಿ ಗೀಟು ಎಳೆದು ಉಜ್ಜಲು ಶುರು ಮಾಡಿದೆ. ಗೀಟು ಅಳಿಸಿದ ಕಡೆ ಉಬ್ಬು, ಉಳಿದ ಕಡೆ ಗುಳಿ. ಇಲ್ಲಿ ಮೊದಲ ತಪ್ಪು ಮಾಡಿದೆ. ಅಲಗು ಬಿಚ್ಚಿಟ್ಟು ಬರೀ ದೇಹವನ್ನು ಉಜ್ಜಿದೆ. ಒಂದು ಗಂಟೆ ಬೆವರು ಸುರಿಸಿ ಸಮ ಮಾಡಿ, ಅಲಗು ಹಾಕಿ ಬಿಗಿದರೆ ಮತ್ತೆ ಬೆಳಕು ತೂರುತ್ತಿದೆ! ಬಿಗಿದಾಗ ಆ ಎಳೆತಕ್ಕೆ ಎರಕದ ದೇಹ ಕೂದಲಿನಷ್ಟು ಬಾಗುತ್ತದೆ. ಅಲಗನ್ನು ಒಳಗೆಳೆದುಕೊಂಡು, ಆದರೆ ಕೆಲಸಕ್ಕೆ ಬಿಗಿಯುವಷ್ಟೇ ಬಿಗಿದು ಉಜ್ಜಬೇಕು. ಎರಡನೇ ಸಂಜೆ ಹಾಗೆ ಮಾಡಿದೆ.

ಇನ್ನೊಂದು ಸಂಗತಿ ತಡವಾಗಿ ತಿಳಿಯಿತು. ಇಡೀ ಅಡಿ ಕನ್ನಡಿ ಆಗಬೇಕಿಲ್ಲ. ಮೂತಿ, ಬಾಯಿಯ ಮುಂದಿನ ಅಂಚು, ಬಾಲ, ಈ ಮೂರು ಒಂದೇ ಮಟ್ಟದಲ್ಲಿದ್ದರೆ ಸಾಕು. ಬಾಯಿಯ ಹಿಂದೆ ಸ್ವಲ್ಪ ಗುಳಿ ಇದ್ದರೆ ಏನೂ ತೊಂದರೆಯಿಲ್ಲ. ಇದು ಮೊದಲೇ ಗೊತ್ತಿದ್ದರೆ ಒಂದು ಗಂಟೆ ಉಳಿಯುತ್ತಿತ್ತು. ಅಡಿಗೆ ಒಟ್ಟು 3 ಗಂಟೆ ಹಿಡಿಯಿತು. ಪೋರ್ಚಿನ ತುಂಬ ಕಬ್ಬಿಣದ ಕಪ್ಪು ಪುಡಿ. ಪ್ಲಾಸ್ಟಿಕ್ ಕವರಿನಲ್ಲಿ ಅಯಸ್ಕಾಂತ ಸುತ್ತಿ ಆಡಿಸಿದರೆ ಪುಡಿಯೆಲ್ಲ ಹತ್ತಿಕೊಳ್ಳುತ್ತದೆ, ಕವರು ಉಲ್ಟಾ ಮಾಡಿ ಬಿಸಾಡಬಹುದು. ಇಲ್ಲದಿದ್ದರೆ ಮೊದಲ ಮಳೆಗೆ ನೆಲವೆಲ್ಲ ತುಕ್ಕಿನ ಚುಕ್ಕೆ.

ಅಲಗು, ಮತ್ತು ನೀಲಿಯಾದ ಉಳಿ

ಹರಿತದ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಕೊಂಚ ಕಟು. ಅಗ್ಗದ ಉಪಕರಣದ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹುಪಾಲು ಮೊಂಡು ಅಲಗಿನ ದೂರುಗಳು. ಹೊಸ ಅಲಗು ಹರಿತವಾಗಿ ಬರುವುದಿಲ್ಲ. ನಾನೂ ಹೊಸದು ಅಂದರೆ ಹರಿತ ಅಂತಲೇ ನಂಬಿದ್ದೆ. ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟರೆ ಜಾರುತ್ತಿತ್ತು. ಹರಿತವಿದ್ದರೆ ಕಚ್ಚಿ ನಿಲ್ಲಬೇಕು.

ಮೊದಲು ಬೆನ್ನು. ಅಲಗಿನ ಹಿಂಬದಿ ಚಪ್ಪಟೆ ಇರದಿದ್ದರೆ ಮುಂಭಾಗ ಎಷ್ಟು ಮಸೆದರೂ ಉಪಯೋಗವಿಲ್ಲ, ಯಾಕೆಂದರೆ ಎರಡು ಮೈ ಕೂಡುವ ಗೆರೆಯೇ ಕೊಯ್ಯುವ ಅಂಚು. ಹತ್ತರಿ ಅಲಗಿಗೆ ಒಂದು ಅಡ್ಡದಾರಿ ಇದೆ. ಅರ್ಧ ಮಿ.ಮೀ. ದಪ್ಪದ ಸ್ಟೀಲ್ ಸ್ಕೇಲನ್ನು ಕಲ್ಲಿನ ಒಂದು ಅಂಚಿಗಿಟ್ಟು, ಅದರ ಮೇಲೆ ಅಲಗಿನ ಬೆನ್ನು ಒರಗಿಸಿ ತುದಿಯನ್ನು ಮಾತ್ರ ಉಜ್ಜುವುದು. ತುದಿಯ ಒಂದೆರಡು ಮಿ.ಮೀ. ಹೊಳೆದರೆ ಮುಗಿಯಿತು. ಉಳಿಗೆ ಮಾತ್ರ ಈ ಅಡ್ಡದಾರಿ ಬೇಡ. ಉಳಿಯ ಬೆನ್ನೇ ಮರದ ಮೇಲೆ ಕೂತು ದಾರಿ ತೋರಿಸುವುದು. ಅದು ಚಪ್ಪಟೆಯೇ ಇರಬೇಕು.

ಆಮೇಲೆ ಕೋನ. ಗೈಡಿನಿಂದ ಹತ್ತರಿಯ ಅಲಗು 50 ಮಿ.ಮೀ. ಹೊರಗಿದ್ದರೆ 25 ಡಿಗ್ರಿ, 38 ಮಿ.ಮೀ. ಇದ್ದರೆ 30 ಡಿಗ್ರಿ. ಉಳಿ ಗೈಡಿನಲ್ಲಿ ಕೆಳಗೆ ಕೂರುತ್ತದೆ, ಹಾಗಾಗಿ ಅದಕ್ಕೆ 40 ಮತ್ತು 30 ಮಿ.ಮೀ. ಪ್ರತಿ ಸಲ ಅಳೆಯುವುದು ತಲೆನೋವು. ಪ್ಲೈವುಡ್ ತುಂಡಿಗೆ ಈ ದೂರಗಳಲ್ಲಿ ಚಿಕ್ಕ ಪಟ್ಟಿಗಳನ್ನು ಅಂಟಿಸಿಟ್ಟೆ. ಅಲಗನ್ನು ಪಟ್ಟಿಗೆ ತಾಗಿಸು, ತಿರುಪು ಬಿಗಿ, ಅಷ್ಟೇ. ಇಡೀ ಪೋರ್ಚಿನಲ್ಲಿ ಅತಿ ಹೆಚ್ಚು ಲಾಭ ತಂದ ವಸ್ತು ಈ ಬಿಟ್ಟಿ ಪ್ಲೈವುಡ್ ತುಂಡೇ. 25ರಲ್ಲಿ ಒರಟಾಗಿ ಮಸೆದು, 30ರಲ್ಲಿ ತುದಿಯನ್ನಷ್ಟೇ ನಯ ಮಾಡುವುದು. ಮುಂದಿನ ಸಲ ಮೊಂಡಾದಾಗ ಆ ತುದಿಯನ್ನು ಮಾತ್ರ ಮಸೆದರೆ ಸಾಕು, ಎರಡು ನಿಮಿಷದ ಕೆಲಸ.

ಗಾಜಿನ ಮೇಲೆ ವಾಟರ್ ಪೇಪರ್ ಅನ್ನುವ ಉಪ್ಪುಕಾಗದವನ್ನು ಒದ್ದೆ ಮಾಡಿ ಹಾಸಿದೆ. 220, 400, 800, 1000, 2000, ಹೀಗೆ ಒರಟಿನಿಂದ ನಯಕ್ಕೆ ಏರಿದೆ. ಒಂದೊಂದರಲ್ಲೂ ಬೆನ್ನ ಕಡೆ ಬೆರಳಿಗೆ ಸಣ್ಣ ಮುಳ್ಳಿನ ಗೆರೆ ಸಿಗುವವರೆಗೆ ಉಜ್ಜಬೇಕು. ಅದು ಸಿಗದೆ ಮುಂದಿನ ಕಾಗದಕ್ಕೆ ಹೋದರೆ ಸುಮ್ನೆ ಕಾಗದ ದಂಡ. ಅಲಗನ್ನು ತನ್ನ ಕಡೆಗೆ ಎಳೆಯುವಾಗ ಮಾತ್ರ ಒತ್ತಬೇಕು, ತಳ್ಳುವಾಗ ಒತ್ತಿದರೆ ಕಾಗದ ಹರಿಯುತ್ತದೆ. ಕೊನೆಗೆ ಹಳೆಯ ಚರ್ಮದ ಬೆಲ್ಟಿಗೆ ಹಿತ್ತಾಳೆ ಪಾಲಿಶ್ ಸವರಿ ಹತ್ತಿಪ್ಪತ್ತು ಸಲ ಎಳೆದೆ. ಹರಿತ ನೋಡಲು ಮುಂಗೈ ಮೇಲೆ ಎಳೆದರೆ ಕೂದಲು ಉದುರಿತು. ಆ ವಾರವೆಲ್ಲ ನನ್ನ ಎಡಗೈ ಬೋಳಾಗಿತ್ತು, ಆಫೀಸಿನಲ್ಲಿ ಕೇಳಿದವರಿಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಈಗ ನೀಲಿ ಉಳಿಯ ಕಥೆ. ನಾಲ್ಕು ಉಳಿಯನ್ನೂ ಕೈಯಲ್ಲೇ ಮಸೆಯಲು ಬೇಸರವಾಗಿ, 18 ಮಿ.ಮೀ. ಉಳಿಯನ್ನು ಪರಿಚಯದವರ ಗ್ರೈಂಡರಿಗೆ ಹಿಡಿದೆ. ಕಿಡಿ ಹಾರುವುದು ನೋಡಲು ಚೆಂದ. ಐದಾರು ಸೆಕೆಂಡಿನಲ್ಲಿ ತುದಿ ಒಣಹುಲ್ಲಿನ ಬಣ್ಣಕ್ಕೆ, ಕಂದಿಗೆ, ಆಮೇಲೆ ನವಿಲುಗರಿಯ ನೀಲಿಗೆ ತಿರುಗಿತು. ಒಣಹುಲ್ಲಿನ ಬಣ್ಣ ಅಂದರೆ ಉಕ್ಕು ಸುಮಾರು 220–230 ಡಿಗ್ರಿ ಮುಟ್ಟಿದೆ ಅಂತ, ನೀಲಿ ಅಂದರೆ 300ರ ಆಸುಪಾಸು. ನೀಲಿಯಾದ ಕಡೆ ಗಡಸುತನ ಹೋಗಿರುತ್ತದೆ. ಬಣ್ಣ ಉಜ್ಜಿ ತೆಗೆದರೂ ಮೆತ್ತಗಾದ ಉಕ್ಕು ಗಟ್ಟಿಯಾಗುವುದಿಲ್ಲ. ಸರಿಮಾಡಲು ಒಂದೇ ದಾರಿ: ಆ ಭಾಗವನ್ನೇ ಸವೆಸಿ ತೆಗೆಯುವುದು. ಪಕ್ಕದಲ್ಲಿ ನೀರಿನ ಚೊಂಬು ಇಟ್ಟುಕೊಂಡು, ಒಂದು ಸೆಕೆಂಡು ತಾಗಿಸಿ ಒಂದು ಸಲ ಅದ್ದಿ, 4 ಮಿ.ಮೀ. ಉಕ್ಕು ಕಳೆದುಕೊಂಡೆ. ಬರಿಗೈಯಲ್ಲಿ ಉಳಿಯ ತುದಿಯ ಹತ್ತಿರ ಹಿಡಿದಿರಿ, ಬೆರಳಿಗೆ ಬಿಸಿ ತಾಗಿದ ಕೂಡಲೇ ಅದ್ದಿರಿ. ಕೈಗವಸು ಹಾಕಿಕೊಂಡರೆ ಬಿಸಿಯೂ ತಿಳಿಯುವುದಿಲ್ಲ, ತಿರುಗುವ ಕಲ್ಲಿಗೆ ಬಟ್ಟೆ ಸಿಕ್ಕಿಕೊಳ್ಳುವ ಅಪಾಯ ಬೇರೆ.

ನಾಲ್ಕು ಉಳಿಗೆ 4 ಗಂಟೆ, ಹತ್ತರಿ ಅಲಗಿಗೆ ಒಂದೂವರೆ ಗಂಟೆ.

ಕಪ್ಪೆ ಮತ್ತು ಬಾಗಿದ ತಗಡು

ಅಡಿ ಸಮವಾಯಿತು, ಅಲಗು ಹರಿತವಾಯಿತು. ಆದರೂ ಕಟಕಟ ನಿಲ್ಲಲಿಲ್ಲ. ಅಲಗು ಒರಗಿಕೊಳ್ಳುವ ಇಳಿಜಾರು ತುಂಡಿಗೆ ಇಂಗ್ಲಿಷಿನಲ್ಲಿ ಕಪ್ಪೆ ಅಂತ ಹೆಸರು, ನಾನೂ ಕಪ್ಪೆ ಅಂತಲೇ ಕರೆಯುತ್ತೇನೆ. ಬಿಚ್ಚಿ ನೋಡಿದರೆ ಕಪ್ಪೆಯ ಬೆನ್ನಿನ ಮೇಲೆ ಬಣ್ಣ ಗಂಟುಗಟ್ಟಿತ್ತು. ಅಲಗು ಎರಡೇ ಕಡೆ ತಾಗಿ ಅಲ್ಲಾಡುತ್ತಿತ್ತು. ಅರ ಹಿಡಿದು ಬಣ್ಣ ಕೆರೆದು ಸಮ ಮಾಡಿದೆ. ಕಟಕಟ ಹೋಯಿತು. ಇಷ್ಟು ಸುಲಭದ ಕೆಲಸವನ್ನು ಮೊದಲು ಮಾಡದೆ ಕೊನೆಗೆ ಮಾಡಿದ್ದಕ್ಕೆ ನನ್ನನ್ನೇ ಬೈದುಕೊಂಡೆ.

ಇನ್ನು ಪುಡಿ ಗಿಡಿಯುವುದು. ಅಲಗಿನ ಬೆನ್ನ ಮೇಲೆ ತಿರುಪಿನಿಂದ ಬಿಗಿಯುವ ಬಾಗಿದ ತಗಡು ಇರುತ್ತದಲ್ಲ, ಚಿಪ್ ಬ್ರೇಕರ್ ಅನ್ನುತ್ತಾರೆ, ಅದು ಅಲಗಿಗೆ ಉದ್ದಕ್ಕೂ ತಾಗಿ ಕೂರಬೇಕು. ನನ್ನದನ್ನು ಬೆಳಕಿಗೆ ಹಿಡಿದರೆ ನಡುವೆ ಬೆಳ್ಳನೆ ಗೆರೆ. ಆ ಸಂದಿಗೆ ಮರದ ಸುರುಳಿ ನುಗ್ಗಿ ಬೆಣೆಯಂತೆ ಸಿಕ್ಕಿಕೊಳ್ಳುತ್ತಿತ್ತು. ತಗಡಿನ ತುದಿಯನ್ನು ಕಲ್ಲಿನ ಮೇಲೆ ಹಿಡಿದು, ಬಾಲವನ್ನು ಕಲ್ಲಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿಳಿಸಿ ಉಜ್ಜಿದೆ. ಹಾಗೆ ಮಾಡಿದರೆ ತುದಿಯ ಅಂಚೇ ಮೊದಲು ತಾಗುತ್ತದೆ. ಬೆಳಕು ತೂರುವುದು ನಿಂತಿತು. ಕಪ್ಪೆ ಮತ್ತು ತಗಡು ಸೇರಿ 2 ಗಂಟೆ.

ಸಿಬಿರು ಏಳುವುದಕ್ಕೂ ಮದ್ದು ಈ ತಗಡಿನಲ್ಲೇ ಇತ್ತು. ಅಂಗಡಿಯಿಂದ ಬಂದಾಗ ಅದು ಅಲಗಿನ ತುದಿಯಿಂದ 2 ಮಿ.ಮೀ. ಹಿಂದಿತ್ತು. ಅದನ್ನು 0.3 ಮಿ.ಮೀ.ವರೆಗೆ ಮುಂದೆ ತಂದೆ. ಅಂದರೆ ಅಲಗಿನ ತುದಿಯಲ್ಲಿ ಬೆಳಕಿನ ಒಂದು ಎಳೆ ಮಾತ್ರ ಕಾಣಬೇಕು. ಮರದ ಎಳೆ ಎದುರು ದಿಕ್ಕಿಗಿದ್ದಾಗ ಅಲಗು ಕತ್ತರಿಸುವ ಮೊದಲೇ ಮರ ಮುಂದಕ್ಕೆ ಸೀಳಿಕೊಂಡು ಹೋಗುತ್ತದೆ, ಅದೇ ಸಿಬಿರು. ತಗಡು ತುದಿಗೆ ಹತ್ತಿರವಿದ್ದರೆ ಎದ್ದ ಸುರುಳಿಯನ್ನು ಅಲ್ಲೇ ಮಡಚಿ ಮುರಿಯುತ್ತದೆ, ಸೀಳಲು ಬಿಡುವುದಿಲ್ಲ. ಜಪಾನಿನ ಯಮಗಾಟ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಇದನ್ನು ಬಹಳ ಹತ್ತಿರದಿಂದ ಚಿತ್ರೀಕರಿಸಿ ತೋರಿಸಿದ್ದಾರೆ. ಆಚಾರ್ರಿಗೆ ಇದನ್ನು ಉತ್ಸಾಹದಿಂದ ವಿವರಿಸಿದೆ. "ಹತ್ತಿರ ಇಟ್ಟರೆ ಸಿಬಿರು ಏಳಲ್ಲ ಅಂತ ನಮ್ಮಪ್ಪನೂ ಹೇಳ್ತಿದ್ರು" ಅಂದರು.

ಆ ರಾತ್ರಿ ಹತ್ತು ಗಂಟೆಗೆ ಹಲಸಿನ ಹಲಗೆಯ ಮೇಲೆ ಮತ್ತೆ ಹತ್ತರಿ ಇಟ್ಟೆ. ಅಡಿಗೆ ಮೇಣದಬತ್ತಿ ಎರಡು ಗೀಟು ಎಳೆದಿದ್ದೆ, ಜಾರಲಿ ಅಂತ. ಸ್‌ಸ್‌ಸ್ ಅಂತ ಸದ್ದು ಬಂತು. ಹೊರಬಂದ ಸುರುಳಿಯನ್ನು ಪೇಪರಿನ ಮೇಲೆ ಹಾಸಿದರೆ ಕೆಳಗಿನ ಅಕ್ಷರ ಓದಬಹುದಿತ್ತು. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಇದಕ್ಕೆ ಎಬ್ಬಿಸಿದ್ರಾ?" ಅಂದಳು.

ಮೂಲೆಮಟ್ಟ, ಗರಗಸ, ಟೇಪು

ಮೂಲೆಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷಿಸಬೇಕು. ನಾನು ಒಂದು ಪ್ಲೈವುಡ್ ತುಂಡು ಮತ್ತು ಚೂಪಾದ ಪೆನ್ಸಿಲ್ ಜೇಬಿನಲ್ಲಿಟ್ಟುಕೊಂಡು ಹೋದೆ. ಪ್ಲೈವುಡ್ಡಿನ ಕಾರ್ಖಾನೆ ಅಂಚಿಗೆ ಮಟ್ಟವನ್ನು ಒರಗಿಸಿ ಒಂದು ಗೀಟು, ಮಗುಚಿ ಅದೇ ಜಾಗದಿಂದ ಇನ್ನೊಂದು ಗೀಟು. ಎರಡೂ ಒಂದಾದರೆ ಮೂಲೆ ಸರಿ. ತುದಿಯಲ್ಲಿ ಬೇರೆಯಾದರೆ, ಕಾಣುವ ಅಂತರ ನಿಜವಾದ ತಪ್ಪಿನ ಎರಡರಷ್ಟು. ಐದು ಮಟ್ಟ ನೋಡಿದೆ. ಒಂದು ಮೂರು ಮಿ.ಮೀ. ಆಚೆ ಹೋಯಿತು. "ಏನ್ ಸಾರ್, ಮದುವೆಗೆ ಹೆಣ್ಣು ನೋಡ್ತಿದ್ದೀರಾ?" ಅಂದ ಅಂಗಡಿಯವ. ಐದರಲ್ಲಿ ಒಳ್ಳೆಯದು 150 ಮಿ.ಮೀ. ಉದ್ದಕ್ಕೆ 1 ಮಿ.ಮೀ. ಅಂತರ ತೋರಿಸಿತು, ಅಂದರೆ ಅರ್ಧ ಮಿ.ಮೀ. ತಪ್ಪು. ಅದನ್ನು ಮನೆಗೆ ತಂದು ಅರದಿಂದ ಹೊರ ಅಂಚನ್ನು ನಾಲ್ಕೆಳೆ ತೆಗೆದು, ಮತ್ತೆ ಗೀಟೆಳೆದು, ಮತ್ತೆ ತೆಗೆದು, 40 ನಿಮಿಷದಲ್ಲಿ ಗೀಟುಗಳನ್ನು ಒಂದು ಮಾಡಿದೆ. ಒಳ ಅಂಚು ಇನ್ನೂ ತಪ್ಪೇ ಇದೆ, ಅದನ್ನು ಬಳಸುವುದಿಲ್ಲ. ಮರೆಯದಿರಲಿ ಅಂತ ಒಳ ಅಂಚಿಗೆ ಕೆಂಪು ನೈಲ್ ಪಾಲಿಶ್ ಬಳಿದಿದ್ದೇನೆ.

ಗರಗಸ ಎಷ್ಟು ನೇರ ಹಿಡಿದರೂ ಬಲಕ್ಕೆ ಎಳೆಯುತ್ತಿತ್ತು. ನನ್ನ ಕೈ ದೋಷ ಅಂತ ಒಂದು ವಾರ ಅಭ್ಯಾಸ ಮಾಡಿದೆ. ಹಲ್ಲುಗಳು ಎಡಕ್ಕೆ ಬಲಕ್ಕೆ ಬಾಗಿರುತ್ತವೆ, ಯಾವ ಕಡೆ ಜಾಸ್ತಿ ಬಾಗಿದೆಯೋ ಆ ಕಡೆ ಗರಗಸ ಹೋಗುತ್ತದೆ. ಬಲ ಪಕ್ಕದ ಹಲ್ಲುಗಳ ಮೇಲೆ ಸಾಣೆಕಲ್ಲನ್ನು ಹಗುರವಾಗಿ ಒಂದು ಸಲ ಓಡಿಸಿದೆ. ಕೊಯ್ದು ನೋಡಿ, ಇನ್ನೊಂದು ಸಲ. ನೇರವಾಯಿತು. ಪರೀಕ್ಷೆಯೆಲ್ಲ ಸೇರಿ ಅರ್ಧ ಗಂಟೆ. ಇದರಲ್ಲಿ ಅವಸರ ಬೇಡ, ಮೂರನೇ ಸಲ ಓಡಿಸಿದರೆ ಎಡಕ್ಕೆ ಎಳೆಯಲು ಶುರು.

ಟೇಪಿನ ತುದಿಯ ಕೊಕ್ಕೆ ಅಲ್ಲಾಡುತ್ತದೆ ಅಂತ ಸುತ್ತಿಗೆಯಿಂದ ಬಡಿದು ಬಿಗಿ ಮಾಡಿದವರನ್ನು ನೋಡಿದ್ದೇನೆ. ಪಾಪ. ಅದು ಅಲ್ಲಾಡಲೆಂದೇ ಇರುವುದು. ಕೊಕ್ಕೆ ಸಿಕ್ಕಿಸಿ ಎಳೆದಾಗ ಮತ್ತು ಗೋಡೆಗೆ ಒತ್ತಿದಾಗ ಅದರದೇ ದಪ್ಪದಷ್ಟು ಸರಿದು ಲೆಕ್ಕ ಸರಿಮಾಡುತ್ತದೆ. ಅಗ್ಗದ ಟೇಪಿನ ತೊಂದರೆ ಬೇರೆ: ಎರಡು ಟೇಪು ಒಂದೇ ಅಳತೆ ಹೇಳುವುದಿಲ್ಲ. ಒಂದು ಕೆಲಸಕ್ಕೆ ಮೊದಲಿನಿಂದ ಕೊನೆಯವರೆಗೆ ಒಂದೇ ಟೇಪು ಬಳಸಿದರೆ ಆಯಿತು. ಅದಕ್ಕಿಂತ ಒಳ್ಳೆಯದು ಟೇಪನ್ನೇ ಬಿಡುವುದು. ಒಂದು ತುಂಡನ್ನು ಇನ್ನೊಂದರ ಮೇಲಿಟ್ಟು ಚಾಕುವಿನಿಂದ ಗೀರಿದರೆ ಸಂಖ್ಯೆಯ ಹಂಗೇ ಇಲ್ಲ.

ಮೇಜು

ಹಲಗೆ ತಿರುಚಿದೆಯೇ ಅಂತ ನೋಡಲು ಎರಡು ಸಮ ಪಟ್ಟಿ ಬೇಕು. ಕಿಟಕಿ ಮಾಡುವವರ ಹತ್ತಿರ ಅಲ್ಯುಮಿನಿಯಂ ಆಂಗಲ್ಲಿನ ತುಂಡು ಬಿಟ್ಟಿ ಸಿಕ್ಕಿತು. ಹಲಗೆಯ ಎರಡು ತುದಿಗೆ ಒಂದೊಂದು ಇಟ್ಟು ಒಂದರ ಮೇಲಿಂದ ಇನ್ನೊಂದನ್ನು ನೋಡಿದರೆ, ಕಣ್ಣಿಗೆ ಕಾಣದ ತಿರುಚು ಎದ್ದು ಕಾಣುತ್ತದೆ. ಎರಡು ಹಲಗೆ ಸುಮಾರಾಗಿದ್ದವು. ಮೂರನೆಯದು ಒಂದು ಮೂಲೆಯಲ್ಲಿ 5 ಮಿ.ಮೀ. ಎದ್ದಿತ್ತು. ಅದಕ್ಕೆ ಹತ್ತರಿಯ ಚಿಪ್ ಬ್ರೇಕರ್ ತಗಡನ್ನು 1 ಮಿ.ಮೀ. ಹಿಂದೆ ಸರಿಸಿ, ಎಳೆಗೆ ಅಡ್ಡಲಾಗಿ ದಪ್ಪ ದಪ್ಪ ಹೆರೆದೆ. ಮಟ್ಟ ಬಂದ ಮೇಲೆ ತಗಡು ಮತ್ತೆ ಮುಂದೆ.

ಮೂರು ಹಲಗೆಯನ್ನು ಪಕ್ಕಪಕ್ಕ ಅಂಟಿಸುವುದೇ ದೊಡ್ಡ ಹೆದರಿಕೆಯಾಗಿತ್ತು. ಅಂಚು 90 ಡಿಗ್ರಿ ಇರದಿದ್ದರೆ ಸಂದು ಕಾಣುತ್ತದೆ. ನನ್ನ ಕೈಯಲ್ಲಿ 90 ಬರಲೇ ಇಲ್ಲ, 89 ಬರುತ್ತಿತ್ತು. ಆಚಾರ್ರು ಬಂದು ಎರಡು ಹಲಗೆಯನ್ನು ಪುಸ್ತಕ ಮುಚ್ಚಿದ ಹಾಗೆ ಜೋಡಿಸಿ, ಎರಡೂ ಅಂಚನ್ನು ಒಟ್ಟಿಗೆ ಹೆರೆಯಲು ಹೇಳಿದರು. ಪುಸ್ತಕ ಬಿಚ್ಚಿದಾಗ ಒಂದರ 89ಕ್ಕೆ ಇನ್ನೊಂದರ 91 ಎದುರಾಗುತ್ತದೆ. ಎರಡೂ ಸೇರಿ 180. ಮೂಲೆಮಟ್ಟಕ್ಕೆ ಕೆಲಸವೇ ಇಲ್ಲ! ಇದನ್ನು ಕಂಡ ದಿನ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ.

ಉದ್ದನೆಯ ಕ್ಲ್ಯಾಂಪು ದುಬಾರಿ. ಅದರ ಬದಲು ಒಂದು ದಪ್ಪ ಪಟ್ಟಿಗೆ ಎರಡು ತುದಿಯಲ್ಲಿ ಮರದ ತುಂಡು ಬಿಗಿದು, ನಡುವೆ ಹಲಗೆಗಳನ್ನಿಟ್ಟು, ಉಳಿದ ಜಾಗಕ್ಕೆ ಎದುರುಬದುರು ಎರಡು ಬೆಣೆ ಹೊಡೆದೆ. ಇಂಥವು ಮೂರು. ಕೆಳಗೊಂದು, ಮೇಲೊಂದು, ಮತ್ತೆ ಕೆಳಗೊಂದು ಹಾಕಿದರೆ ಹಲಗೆ ಬಿಲ್ಲಿನಂತೆ ಬಾಗುವುದಿಲ್ಲ. ನಡುವೆ ಪೇಪರ್ ಇಡಲು ಮರೆತೆ, ಫೆವಿಕಾಲ್ ಪಟ್ಟಿಯನ್ನೂ ಸೇರಿಸಿ ಹಿಡಿಯಿತು. ಉಳಿಯಿಂದ ಬಿಡಿಸಿದೆ. ಆ ಗಾಯ ಈಗಲೂ ಮೇಜಿನ ಅಡಿಯಲ್ಲಿದೆ.

ಕಾಲುಗಳನ್ನು ಹಳೆಯ ಬಾಗಿಲ ಚೌಕಟ್ಟಿನಿಂದ ಮಾಡಿದೆ. ಅದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಜೋಡಣೆಗೆ ಕೊರೆದ ಮೊದಲ ತೂತು ಸಡಿಲ, ಎಂಟನೆಯದು ಬಿಗಿ. ಮೇಲಿನ ಹಲಗೆಯನ್ನು ಕಾಲುಗಳ ಚೌಕಟ್ಟಿಗೆ ಅಂಟಿಸಲಿಲ್ಲ. ಉದ್ದುದ್ದ ತೂತು ಮಾಡಿ ಸ್ಕ್ರೂ ಹಾಕಿದೆ, ಮರ ಉಸಿರಾಡಲಿ ಅಂತ. ಮಾರ್ಚಿನಲ್ಲಿ ಪೆನ್ಸಿಲ್ ಗುರುತು ಮಾಡಿ ಜುಲೈ ಮಳೆಯಲ್ಲಿ ನೋಡಿದರೆ ಹಲಗೆ 2 ಮಿ.ಮೀ. ಅಗಲವಾಗಿತ್ತು. ಅಂಟಿಸಿದ್ದರೆ ಎಲ್ಲಾದರೂ ಸೀಳುತ್ತಿತ್ತು.

ಸರಿಹೋಗದಿದ್ದವು

ಗಂಟೆಗಳ ಲೆಕ್ಕ ಹಾಕಿದರೆ, ಉಪಕರಣ ಸರಿಮಾಡಲು ಹೋದದ್ದೇ 11 ಗಂಟೆ 40 ನಿಮಿಷ. ಗಂಟೆಗೆ ಸಂಬಳ ಎಣಿಸುವವರಿಗೆ ಇದು ನಷ್ಟದ ವ್ಯಾಪಾರ. ಮರಗೆಲಸವೇ ಹೊಟ್ಟೆಪಾಡಾದರೆ ಒಳ್ಳೆಯ ಹತ್ತರಿಯನ್ನೇ ಕೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ. ನನ್ನಂಥ ಭಾನುವಾರದ ಬಡಗಿಗೆ ಮಾತ್ರ ಆ ಗಂಟೆಗಳು ದಂಡವಲ್ಲ. ಹತ್ತರಿ ಹೇಗೆ ಕೆಲಸ ಮಾಡುತ್ತದೆ ಅಂತ ನನಗೆ ಗೊತ್ತಾದದ್ದು ಅದನ್ನು ಬಿಚ್ಚಿ ಉಜ್ಜಿದ್ದರಿಂದಲೇ.

ಆದರೆ ಸಮಯ ಸುರಿದರೂ ಬಗ್ಗದ ದೋಷಗಳಿವೆ. 6 ಮಿ.ಮೀ. ಉಳಿಯ ಉಕ್ಕೇ ಮೆತ್ತಗಿತ್ತು. ಹತ್ತು ಪೆಟ್ಟಿಗೆ ಅಂಚು ಮಡಚುತ್ತಿತ್ತು. ಅರ ಉಜ್ಜಿ ನೋಡಿದೆ. ಗಟ್ಟಿ ಉಕ್ಕಿನ ಮೇಲೆ ಅರ ಜಾರಬೇಕು, ಇಲ್ಲಿ ಬೆಣ್ಣೆಯಂತೆ ಕಚ್ಚಿತು. ಈಗ ಅದು ಪೇಂಟ್ ಡಬ್ಬಿ ತೆರೆಯುತ್ತದೆ. ಹತ್ತರಿಯ ಹಿತ್ತಾಳೆ ತಿರುಪನ್ನು ಎರಡು ಸುತ್ತು ತಿರುಗಿಸುವವರೆಗೆ ಅಲಗು ಕದಲುವುದೇ ಇಲ್ಲ, ಅದಕ್ಕೆ ಮದ್ದಿಲ್ಲ. ಯಾವಾಗಲೂ ಅಲಗನ್ನು ಮುಂದಕ್ಕೆ ತರುತ್ತಾ ನಿಲ್ಲಿಸಿದರೆ ಹಿಂದೆ ಜಾರುವುದಿಲ್ಲ, ಅಷ್ಟು ಹೊಂದಾಣಿಕೆ ಮಾಡಿಕೊಂಡಿದ್ದೇನೆ. ಡ್ರಿಲ್ಲಿನ ಬಾಯಿ ತಿರುಗುವಾಗ ಅಲ್ಲಾಡುತ್ತದೆ. ಮೊದಲು ಮೊಳೆಯಿಂದ ಗುಳಿ ಮಾಡಿ, 2 ಮಿ.ಮೀ. ತೂತು ಹಾಕಿ, ಆಮೇಲೆ ದೊಡ್ಡ ಡ್ರಿಲ್ ಬಿಟ್ ಹಾಕುತ್ತೇನೆ. ತೂತು ಇದ್ದ ಜಾಗದಲ್ಲೇ ಇರುತ್ತದೆ, ಆದರೆ ಕೊಂಚ ದೊಡ್ಡದೇ ಆಗುತ್ತದೆ.

ಒಂದು ವಿಷಯದಲ್ಲಿ ನಾನು ಅಗ್ಗದ ಪರ ಇಲ್ಲವೇ ಇಲ್ಲ. 4 ಅಂಗುಲದ ಆಂಗಲ್ ಗ್ರೈಂಡರಿಗೆ ಹಲ್ಲಿರುವ ಮರ ಕೊಯ್ಯುವ ಚಕ್ರ ಹಾಕಿ, ಗಾರ್ಡು ಬಿಚ್ಚಿ ಬಳಸುವವರು ಬೀದಿಗೊಬ್ಬರಿದ್ದಾರೆ. ನಿಮಿಷಕ್ಕೆ 11,000 ಸುತ್ತಿನ ಹತ್ತಿರ ತಿರುಗುವ ಯಂತ್ರ ಅದು. ಚಕ್ರ ಮರದಲ್ಲಿ ಸಿಕ್ಕಿಕೊಂಡರೆ ಯಂತ್ರ ನಿಮ್ಮ ಮುಖದ ಕಡೆಗೇ ಒದೆಯುತ್ತದೆ. 320 ರೂಪಾಯಿಯ ಗರಗಸ ನಿಧಾನ, ಒಪ್ಪಿದೆ. ಕನ್ನಡಕ, ಗಾರ್ಡು, ಅರ್ತಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗು, ಇವುಗಳಲ್ಲಿ ಉಳಿತಾಯ ಬೇಡ.

ಮಳೆಗಾಲದಲ್ಲಿ ಎಲ್ಲವನ್ನೂ ಹೊಲಿಗೆ ಮೆಷಿನ್ ಎಣ್ಣೆ ಸವರಿ, ಒಂದು ಟ್ರಂಕಿನಲ್ಲಿ ನಾಲ್ಕು ಕರ್ಪೂರದ ತುಂಡಿನ ಜೊತೆ ಇಡುತ್ತೇನೆ. ಮೊದಲ ವರ್ಷ ಕೊಬ್ಬರಿ ಎಣ್ಣೆ ಸವರಿದ್ದೆ, ಡಿಸೆಂಬರಿನಲ್ಲಿ ತೆಗೆದರೆ ಅಂಟಂಟು.

ಹೋದ ತಿಂಗಳು ಆಚಾರ್ರು ಬಂದು, ಅವರ ಹತ್ತರಿಯ ಹಿಡಿ ಮುರಿದಿದೆ, ಎರಡು ದಿನಕ್ಕೆ ನಿಮ್ಮದು ಕೊಡಿ ಅಂದರು. ಕೊಟ್ಟೆ. ವಾಪಸ್ ತಂದಾಗ ಅಲಗು ಬಿಚ್ಚಿ ನೋಡಿದೆ. ಗೈಡೂ ಇಲ್ಲ, ಪ್ಲೈವುಡ್ ತುಂಡೂ ಇಲ್ಲ, ತಮ್ಮ ಹಳೇ ಕಲ್ಲಿನ ಮೇಲೆ ಕೈಯಲ್ಲೇ ಮಸೆದಿದ್ದರು. ನನ್ನ 30 ಡಿಗ್ರಿಯ ಹೊಳೆಯುವ ಗೆರೆ ಮಾಯವಾಗಿ ಅಂಚು ದುಂಡಗಾಗಿತ್ತು. ಮುಂಗೈ ಮೇಲೆ ಎಳೆದೆ. ಕೂದಲು ಹಾಗೇ ಉದುರಿತು.